ಮೂಲೆಗೆ ಬಿದ್ದ ಟಿಲ್ಲರು ಮರಳಿ ಗದ್ದೆಗಿಳಿಯಲಿ

ಮಹಾನವಮಿಯ ಆಯುಧಪೂಜೆಯಂದು ನಮ್ಮ ಮನೆಗಳಲ್ಲಿ ನೇಗಿಲು, ಗುದ್ದಲಿ, ಕತ್ತಿ, ಪಂಪು, ಟಿಲ್ಲರುಗಳೆಲ್ಲ ಶುಭ್ರವಾಗಿ ಹೂವು ಮುಡಿದು ನಿಲ್ಲುತ್ತವೆ. ಮನೆಮಂದಿಯೆಲ್ಲ ಸೇರಿ ಅವುಗಳಿಗೆ ಕೈಮುಗಿಯುತ್ತೇವೆ. ಆದರೆ ವರ್ಷದ ಉಳಿದ ದಿನಗಳಲ್ಲಿ ಅವುಗಳ ಗತಿಯೇನು? ಕೆಸರು ಮೆತ್ತಿದ ಟಿಲ್ಲರು ಕೊಟ್ಟಿಗೆಯ ಮೂಲೆ ಸೇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಯವನ ಗಾಡಿ ಏರುತ್ತದೆ. ಅಂಥ ಯಂತ್ರಗಳಲ್ಲಿ ಎಷ್ಟೋ ನಿಜಕ್ಕೂ ಸತ್ತಿರುವುದಿಲ್ಲ, ಆರೈಕೆಯಿಲ್ಲದೆ ಮಲಗಿರುತ್ತವೆ ಅಷ್ಟೆ.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಒಕ್ಕಲು ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮಾವಿನಕುರ್ವೆಯ ಹೆಸರಿನಲ್ಲಿಯೇ ನೀರಿದೆ. ಕುರ್ವೆ ಎಂದರೆ ನೀರಿನ ನಡುವಣ ನೆಲ. ಇಂಥ ಊರುಗಳಲ್ಲಿ ಗದ್ದೆಗಳು ಚಿಕ್ಕವು, ದಾರಿಗಳು ಕಿರಿದು. ದೊಡ್ಡ ಟ್ರ್ಯಾಕ್ಟರು ತಿರುಗಲಾರದ ತುಂಡು ಗದ್ದೆಯಲ್ಲಿಯೂ ತೆಂಗಿನ ಸಾಲುಗಳ ನಡುವೆಯೂ ಕೈಟಿಲ್ಲರು ಸಲೀಸಾಗಿ ಸಾಗುತ್ತದೆ. ಆದರೆ ಕಡಲ ಗಾಳಿಯ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ ಇವೆರಡೂ ಕಬ್ಬಿಣದ ವೈರಿಗಳು. ಬಯಲುಸೀಮೆಯಲ್ಲಿ ಹಲವು ಕಾಲ ತಾಳುವ ಬೋಲ್ಟು ಇಲ್ಲಿ ಬಹುಬೇಗ ತುಕ್ಕಾಗುತ್ತದೆ.

ಜಪಾನಿನ ಭತ್ತದ ಗದ್ದೆಗಳಲ್ಲಿ ಬಳಕೆಗೆ ಬಂದ ಈ ಯಂತ್ರ ನಮಗೂ ಹೊಸದಲ್ಲ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಸ್ಥಾಪನೆಯಾಯಿತು. ನೆರೆಯ ಕೇರಳದಲ್ಲಿ 1973ರಲ್ಲಿ ಕ್ಯಾಮ್ಕೋ ಸಂಸ್ಥೆ ಹುಟ್ಟಿತು. ಹನ್ನೆರಡು-ಹದಿಮೂರು ಅಶ್ವಶಕ್ತಿಯ, ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ ಇವುಗಳ ಡೀಸೆಲ್ ಎಂಜಿನ್ನಿನ ರಚನೆ ಸರಳವಾದುದು. ಆದುದರಿಂದಲೇ ಇದರ ಆರೈಕೆಯ ಬಹುಪಾಲನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದು.

ಮಲಗಿದ ಯಂತ್ರವನ್ನು ಎಬ್ಬಿಸುವ ಕ್ರಮ

ವರ್ಷಗಟ್ಟಲೆ ನಿಂತ ಯಂತ್ರವನ್ನು ಕಂಡೊಡನೆ ಹ್ಯಾಂಡಲ್ ಹಾಕಿ ಬಲಪ್ರಯೋಗ ಮಾಡಬಾರದು. ಮೊದಲು ಬೆಲ್ಟುಗಳನ್ನು ಕಳಚಿ, ಡಿಕಂಪ್ರೆಷನ್ ಲಿವರ್ ಹಿಡಿದು, ಮೆಲ್ಲಗೆ ತಿರುಗಿಸಿ ನೋಡಬೇಕು. ತಿರುಗದಿದ್ದರೆ ಪಿಸ್ಟನ್ ಅಂಟಿಕೊಂಡಿರಬಹುದು. ನಾಜಲ್ ಬಿಚ್ಚಿ, ಆ ರಂಧ್ರದ ಮೂಲಕ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಎರಡು ಮೂರು ದಿನ ಕಾದು ಮತ್ತೆ ಪ್ರಯತ್ನಿಸಬೇಕು. ಇಲ್ಲಿ ಸುತ್ತಿಗೆಗಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ.

ಎಂಜಿನ್ ತಿರುಗಿತೆಂದರೆ ಅರ್ಧ ಗೆದ್ದಂತೆ. ಹಳೆಯ ಡೀಸೆಲನ್ನು ಪೂರ್ತಿ ಬಸಿದು ಟ್ಯಾಂಕನ್ನು ತೊಳೆಯಬೇಕು. ಅದರ ತಳದಲ್ಲಿ ನೀರು ನಿಂತಿರುವುದು ಸಾಮಾನ್ಯ. ಫಿಲ್ಟರ್ ಬದಲಿಸಿ ಹೊಸ ಡೀಸೆಲ್ ತುಂಬಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನು ತೆಗೆಯುವುದು ಅಗತ್ಯ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಡೀಸೆಲ್ ಒಂದೇ ಸಮನೆ ಹರಿದಾಗ ಬಿಗಿಯಬೇಕು. ಎಷ್ಟೋ ಎಂಜಿನ್‌ಗಳು ಹೊತ್ತಿಕೊಳ್ಳದಿರುವುದಕ್ಕೆ ಈ ಗಾಳಿಯೇ ಕಾರಣ.

ಎಂಜಿನ್ ಆಯಿಲನ್ನೂ ಗೇರ್ ಆಯಿಲನ್ನೂ ಬದಲಿಸುವಾಗ ಅವುಗಳ ಬಣ್ಣವನ್ನು ಗಮನಿಸಿರಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಗೇರ್ ಪೆಟ್ಟಿಗೆಯಲ್ಲಿ ಹೀಗಾಗಿದ್ದರೆ ಕೆಸರುಗದ್ದೆಯ ನೀರು ಸವೆದ ಸೀಲಿನ ಮೂಲಕ ಒಳನುಗ್ಗಿರುತ್ತದೆ; ಸೀಲು ಬದಲಿಸದೆ ಆಯಿಲ್ ಮಾತ್ರ ಬದಲಿಸಿದರೆ ವ್ಯರ್ಥ. ರೇಡಿಯೇಟರಿಗೆ ಉಪ್ಪುಬಾವಿಯ ನೀರು ಸಲ್ಲದು, ಸಿಹಿನೀರನ್ನೇ ತುಂಬಬೇಕು. ಬದಲಿ ಭಾಗ ಕೊಳ್ಳಲು ಹೋಗುವಾಗ ಹಳೆಯ ಭಾಗವನ್ನೂ ಯಂತ್ರದ ಮಾದರಿ ಸಂಖ್ಯೆಯನ್ನೂ ಒಯ್ದರೆ ಎರಡನೆಯ ಓಡಾಟ ತಪ್ಪುತ್ತದೆ.

ಎಚ್ಚರದ ಮಾತು

ಯಂತ್ರ ಮನೆಯದಾದರೂ ಅಪಾಯ ಅಪಾಯವೇ. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಎಂಜಿನ್ ಹಿಂದೊದ್ದರೆ ಕೈ ಮುರಿಯಬಹುದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿರಿ, ಅದರ ಹೊಗೆ ವಿಷ. ಬ್ಲೇಡುಗಳಿಗೆ ಸುತ್ತಿದ ಹುಲ್ಲನ್ನು ಎಂಜಿನ್ ನಿಲ್ಲಿಸಿಯೇ ಬಿಡಿಸಬೇಕು. ಬೆಲ್ಟಿನ ಮೇಲಿನ ಕವಚವನ್ನು ಅಡ್ಡಿಯೆಂದು ಕಿತ್ತಿಡುವುದು ಬೆರಳುಗಳನ್ನೇ ಪಣಕ್ಕಿಟ್ಟಂತೆ.

ಇನ್ನೊಂದು ಸಂಗತಿ ಹೊಸಬರಿಗೆ ತಿಳಿದಿರುವುದಿಲ್ಲ. ಸಮತಟ್ಟಿನಲ್ಲಿ ಎಡಗೈಯ ಸ್ಟೀರಿಂಗ್ ಕ್ಲಚ್ ಹಿಡಿದರೆ ಟಿಲ್ಲರು ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಅದನ್ನೇ ಹಿಡಿದರೆ ಬಲಕ್ಕೆ ತಿರುಗುತ್ತದೆ. ಸಂಪರ್ಕ ತಪ್ಪಿದ ಚಕ್ರ ತಾನಾಗಿ ಉರುಳಿ ಮುಂದೆ ಹೋಗುವುದೇ ಇದಕ್ಕೆ ಕಾರಣ. ಗುಡ್ಡದ ಬದಿಯಿಂದ ಗದ್ದೆಗಿಳಿಯುವ ನಮ್ಮ ದಾರಿಗಳಲ್ಲಿ ಇದನ್ನು ಮರೆತವನು ಯಂತ್ರದೊಡನೆ ತಾನೂ ಹೊಂಡ ಸೇರಬಹುದು. ಮಕ್ಕಳ ಕೈಗೆ ಟಿಲ್ಲರು ಕೊಡುವ ಮುನ್ನ ಹಿರಿಯರು ಇದನ್ನು ನಿಧಾನವಾಗಿ ತೋರಿಸಿಕೊಡಬೇಕು.

ಮನೆಯಲ್ಲಿ ಮಾಡಬಾರದ ಕೆಲಸವೂ ಇದೆ. ಡೀಸೆಲ್ ಪಂಪನ್ನು ಬಿಚ್ಚುವುದು, ನಾಜಲ್ ಪರೀಕ್ಷಿಸುವುದು ನುರಿತ ಮೆಕ್ಯಾನಿಕರಿಗೆ ಸೇರಿದ್ದು. ನಾಜಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗಬಲ್ಲದು. ಎಂಜಿನ್ನಿನ ಬ್ಲಾಕೇ ಬಿರುಕುಬಿಟ್ಟಿದ್ದರೆ ದುರಸ್ತಿಯ ಮೋಹ ಬಿಡುವುದೇ ವಿವೇಕ.

ನಿತ್ಯದ ಆರೈಕೆ

ಉತ್ತು ಬಂದ ಸಂಜೆಯೇ ಟಿಲ್ಲರನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಹಿನ್ನೀರಿನ ಉಪ್ಪು ತಾಗುವ ಗದ್ದೆಯಾದರೆ ಇದನ್ನು ಒಂದು ದಿನವೂ ತಪ್ಪಿಸಬಾರದು. ಒಣಗಿದ ಮೇಲೆ ಬ್ಲೇಡುಗಳಿಗೂ ಬೋಲ್ಟುಗಳಿಗೂ ಗ್ರೀಸ್ ಸವರಬೇಕು. ಹಂಗಾಮು ಮುಗಿದಾಗ ರೇಡಿಯೇಟರಿನ ನೀರು ಬಸಿದು, ಹ್ಯಾಂಡಲ್ ಬಿಗಿಯಾಗುವವರೆಗೆ ತಿರುಗಿಸಿ ನಿಲ್ಲಿಸಿದರೆ ವಾಲ್ವುಗಳು ಮುಚ್ಚಿಕೊಂಡು ತೇವ ಒಳಸೇರದು. ಸೈಲೆನ್ಸರಿನ ಬಾಯಿಗೆ ತೆಂಗಿನ ಗೆರಟೆಯೊಂದನ್ನು ಕವುಚಿಟ್ಟರೂ ಸಾಕು; ಮತ್ತೆ ಚಾಲೂ ಮಾಡುವಾಗ ಅದನ್ನು ತೆಗೆಯಲು ಮರೆಯಬಾರದಷ್ಟೆ. ಚಕ್ರಗಳ ಕೆಳಗೆ ಹಲಗೆಯಿರಲಿ. ಬಸಿದ ಹಳೆಯ ಆಯಿಲನ್ನು ಬಾವಿಯ ಬಳಿಗಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿರಿ. ಅಡಿಕೆಗೆ ಮೈಲುತುತ್ತದ ದ್ರಾವಣ ಹೊಡೆಯುವ ಪಂಪನ್ನೂ ಅಂದೇ ತೊಳೆದಿಡಬೇಕು, ಆ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ. ಆಯಿಲ್ ಬದಲಿಸಿದ ದಿನಾಂಕವನ್ನು ಬರೆದಿಡುವ ಹೊಣೆಯನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಬಹುದು.

ಬಾಡಿಗೆಗೆ ಯಂತ್ರ ದೊರೆಯುವಾಗ ಇಷ್ಟೆಲ್ಲ ಶ್ರಮವೇಕೆಂದು ಕೇಳಬಹುದು. ರಾಜ್ಯ ಸರ್ಕಾರವು 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆ ಅನೇಕರಿಗೆ ನೆರವಾದುದು ನಿಜ. ಆದರೆ ಮಳೆ ಹಿಡಿದಾಗ ಊರಿನ ಎಲ್ಲರಿಗೂ ಯಂತ್ರ ಒಂದೇ ವಾರದಲ್ಲಿ ಬೇಕು. ಸಸಿ ಬಲಿತು ನಿಂತಿರುವಾಗ ಸರದಿಗಾಗಿ ಕಾಯುವ ಪ್ರತಿ ದಿನವೂ ಇಳುವರಿಗೆ ಹೊಡೆತ. ಮನೆಯ ಹಳೆಯ ಟಿಲ್ಲರು ಆಗ ತನ್ನ ಗದ್ದೆಯನ್ನೂ ಉತ್ತು, ಯಂತ್ರವಿಲ್ಲದ ನೆರೆಮನೆಯ ಗದ್ದೆಗೂ ಒದಗುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರಿದ್ದರು. ಅವರ ಹೆಸರಿನೊಡನೆ ಅವರು ಹಿಡಿದ ಉಪಕರಣದ ಹೆಸರೂ ಉಳಿದು ಬಂದಿದೆ. ಕಾಯಕವನ್ನು ಗೌರವಿಸುವವರು ಕಾಯಕದ ಉಪಕರಣವನ್ನೂ ಗೌರವಿಸಬೇಕಲ್ಲವೆ? ಮಹಾನವಮಿಯಂದು ಹೂವೇರಿಸುವ ಕೈ ಉಳಿದ ದಿನಗಳಲ್ಲಿ ಕೆಸರು ತೊಳೆಯಲಿ, ಗ್ರೀಸ್ ಸವರಲಿ. ಈ ಸಲ ಗುಜರಿಯವನನ್ನು ಕರೆಯುವ ಮುನ್ನ ಒಮ್ಮೆ ಕೊಟ್ಟಿಗೆಯ ಮೂಲೆಗೆ ಹೋಗಿ, ಆ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ ನೋಡಿರಿ.