ಹಳೆಯ ಕಾರಿಗೆ ಆಲ್ಟರ್ನೇಟರ್ ಜೋಡಣೆ: ತತ್ತ್ವ ಮತ್ತು ಕ್ರಮ

ವಿಜಯಪುರದಿಂದ ಅಥಣಿ ಮಾರ್ಗದಲ್ಲಿರುವ ತಿಕೋಟಾ, ಜಮಖಂಡಿ ಮಾರ್ಗದಲ್ಲಿರುವ ಬಬಲೇಶ್ವರ ಇವೆರಡೂ ದೂರದ ಊರುಗಳಲ್ಲ. ಹಗಲು ಹೊತ್ತಿನಲ್ಲಿ ಅದು ಸುಗಮವಾದ ಪ್ರಯಾಣವೇ ಸರಿ. ಆದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಸಾಗುವ ಹಂಗಾಮಿನಲ್ಲಿ, ರೋಗಿಯೊಬ್ಬರನ್ನು ನಡುರಾತ್ರಿ ನಗರದ ಆಸ್ಪತ್ರೆಗೆ ಕರೆತರುವಾಗ, ಕಾರಿನ ದೀಪಗಳು ಮಂಕಾದರೆ ಒದಗುವ ಅಪಾಯವನ್ನು ವಿವರಿಸಬೇಕಾಗಿಲ್ಲ. ಮನೆತನದ ನೆನಪಿಗಾಗಿ ಹಳೆಯ ಅಂಬಾಸಿಡರನ್ನೋ ಫಿಯೆಟ್ಟನ್ನೋ ಇಂದಿಗೂ ಉಳಿಸಿಕೊಂಡವರು ಅನೇಕರಿದ್ದಾರೆ. ಅಂಥ ಕಾರುಗಳಲ್ಲಿ ಡೈನಮೋ ಇದ್ದರೆ ಅದರ ಸ್ಥಾನದಲ್ಲಿ ಆಲ್ಟರ್ನೇಟರನ್ನು ಕೂಡಿಸುವುದು ಹಿತಕರ. ಆದರೆ ಆ ಕೆಲಸವು ಕ್ರಮಬದ್ಧವಾಗಿರಬೇಕು.

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಎರಡೂ ಯಂತ್ರಗಳಿಗೆ ಮೂಲ. ಡೈನಮೋದಲ್ಲಿ ವಿದ್ಯುತ್ತು ತಿರುಗುವ ಸುರುಳಿಯಲ್ಲಿ ಹುಟ್ಟಿ, ಕಮ್ಯುಟೇಟರು ಮತ್ತು ಬ್ರಶ್ಶುಗಳ ಮೂಲಕ ಹೊರಬರುತ್ತದೆ. ಆಲ್ಟರ್ನೇಟರಿನಲ್ಲಿ ತಿರುಗುವುದು ಕಾಂತ. ವಿದ್ಯುತ್ತು ಹುಟ್ಟುವುದು ಸುತ್ತಲಿನ ಸ್ಥಿರ ಸುರುಳಿಗಳಲ್ಲಿ. ಹುಟ್ಟಿದ ಪರ್ಯಾಯ ಪ್ರವಾಹವನ್ನು ಡಯೋಡುಗಳು ನೇರ ಪ್ರವಾಹವನ್ನಾಗಿ ಪರಿವರ್ತಿಸುತ್ತವೆ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ತನ್ನ ವ್ಯಾಲಿಯಂಟ್ ಕಾರಿಗೆ ಇದನ್ನು ಅಳವಡಿಸಿದ ಮೇಲೆ ಉಳಿದ ತಯಾರಕರೂ ಕ್ರಮೇಣ ಇದೇ ಹಾದಿ ಹಿಡಿದರು.

ಎರಡರ ನಡುವಿನ ಅಂತರ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಹಳೆಯ ಡೈನಮೋ ಹೆಚ್ಚೆಂದರೆ ಸುಮಾರು 22 ಆಂಪಿಯರ್ ಕೊಡಬಲ್ಲದು. ಅದೂ ಎಂಜಿನ್ನು ವೇಗವಾಗಿ ಓಡುವಾಗ ಮಾತ್ರ. ಗಾಡಿ ನಿಂತಲ್ಲೇ ಎಂಜಿನ್ನು ನಿಧಾನವಾಗಿ ತಿರುಗುತ್ತಿದ್ದರೆ ಅದು ಬಹುಮಟ್ಟಿಗೆ ನಿಷ್ಫಲ. 55 ವ್ಯಾಟಿನ ಎರಡು ಹೆಡ್‌ಲೈಟುಗಳಿಗೇ ಸುಮಾರು 9 ಆಂಪಿಯರ್ ಬೇಕು. ಇಗ್ನಿಷನ್ ಕಾಯಿಲ್, ವೈಪರ್, ಹಿಂದೀಪಗಳು ಸೇರಿದರೆ ಉಳಿಯುವುದು ಅತ್ಯಲ್ಪ. 45 ಆಂಪಿಯರಿನ ಆಲ್ಟರ್ನೇಟರಾದರೋ ನಿಧಾನಗತಿಯಲ್ಲಿಯೂ ಬ್ಯಾಟರಿಯನ್ನು ಪೋಷಿಸುತ್ತದೆ.

ಜೋಡಣೆಗೆ ಮುನ್ನ ಪರೀಕ್ಷಿಸಬೇಕಾದದ್ದು ಬ್ಯಾಟರಿಯ ಯಾವ ಧ್ರುವ ಗಾಡಿಯ ಒಡಲಿಗೆ ಸೇರಿದೆ ಎಂಬುದನ್ನು. ಬ್ರಿಟಿಷ್ ಮಾದರಿಯ ಕೆಲವು ಹಳೆಯ ಕಾರುಗಳಲ್ಲಿ ಧನ ಧ್ರುವವು ಒಡಲಿಗೆ ಕೂಡಿರುತ್ತಿತ್ತು. ಇಂದಿನ ಆಲ್ಟರ್ನೇಟರುಗಳಿಗೆ ಋಣ ಧ್ರುವವೇ ಒಡಲಿಗೆ ಕೂಡಿರಬೇಕು. ತಪ್ಪಾಗಿ ಕೂಡಿಸಿದರೆ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ. ಧ್ರುವ ಬದಲಿಸುವಾಗ ಇಗ್ನಿಷನ್ ಕಾಯಿಲಿನ ಎರಡು ವೈರುಗಳನ್ನು ಅದಲುಬದಲು ಮಾಡಬೇಕು. ಹಳೆಯ ರೇಡಿಯೋ ಇದ್ದರೆ ಬಿಚ್ಚಿಡಬೇಕು.

ರೆಗ್ಯುಲೇಟರನ್ನು ತನ್ನೊಳಗೇ ಹೊಂದಿರುವ ಆಲ್ಟರ್ನೇಟರಿನ ಜೋಡಣೆ ಈ ಬಗೆಯದು. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಹಳೆಯ ಕಟೌಟ್ ಪೆಟ್ಟಿಗೆಗೆ ಇನ್ನು ಕೆಲಸವಿಲ್ಲ. ಅದರ ‘ಎ’ ಮತ್ತು ‘ಎ1’ ವೈರುಗಳನ್ನು ಒಂದಕ್ಕೊಂದು ಕೂಡಿಸಿದರೆ ದೀಪಗಳಿಗೆ ಬ್ಯಾಟರಿಯಿಂದ ವಿದ್ಯುತ್ತು ದೊರೆಯುತ್ತದೆ. ಎಚ್ಚರಿಕೆ ದೀಪದ ತೆಳುವೈರನ್ನು ‘ಡಿ’ ವೈರಿಗೆ ಬೆಸೆದು, ಅದರ ಇನ್ನೊಂದು ತುದಿಯನ್ನು ಆಲ್ಟರ್ನೇಟರಿನ ‘ಎಲ್’ ತುದಿಗೆ ಕೊಡಬೇಕು. ‘ಎಫ್’ ವೈರಿನ ಎರಡೂ ತುದಿಗಳಿಗೆ ಟೇಪು ಸುತ್ತಿ ಬಿಡಬೇಕು. ಎಚ್ಚರಿಕೆ ದೀಪವನ್ನು ಅಲಕ್ಷಿಸಬಾರದು. ಅದರ ಮೂಲಕ ಹರಿಯುವ ಅಲ್ಪ ಪ್ರವಾಹವೇ ಆಲ್ಟರ್ನೇಟರಿನ ಕಾಂತವನ್ನು ಮೊದಲು ಎಚ್ಚರಿಸುತ್ತದೆ. ಆ ಬಲ್ಬು ಸುಟ್ಟಿದ್ದರೆ ಚಾರ್ಜಿಂಗ್ ಆರಂಭವಾಗದೆ ಹೋಗಬಹುದು.

ಮುಖ್ಯ ವೈರಿನ ವಿಷಯದಲ್ಲಿಯೇ ಹಲವರು ಎಡವುತ್ತಾರೆ. 22 ಆಂಪಿಯರಿಗೆಂದು ಹಾಕಿದ ಹಳೆಯ ವೈರಿನಲ್ಲಿ 45 ಆಂಪಿಯರ್ ಹರಿಸಿದರೆ ಅದು ಕಾದು ಹೊದಿಕೆ ಕರಗಿ, ಬೆಂಕಿಯ ಸಂಭವವುಂಟು. ಆದ್ದರಿಂದ ಆಲ್ಟರ್ನೇಟರಿನ ‘ಬಿ ಪ್ಲಸ್’ ತುದಿಯಿಂದ ಬ್ಯಾಟರಿಯ ಧನ ಧ್ರುವಕ್ಕೆ 10 ಚದರ ಮಿಲಿಮೀಟರಿನ ಹೊಸ ವೈರನ್ನು ಎಳೆದು, ಬ್ಯಾಟರಿಯ ಸಮೀಪದಲ್ಲಿ 60 ಆಂಪಿಯರಿನ ಫ್ಯೂಸನ್ನು ಇಡುವುದು ಕ್ಷೇಮ. ಹೀಗೆ ಮಾಡಿದಾಗ ಹಳೆಯ ಆಮ್ಮೀಟರು ಚಾರ್ಜಿನ ನಿಜಸ್ಥಿತಿಯನ್ನು ತೋರಿಸದು, ವೋಲ್ಟ್‌ಮೀಟರನ್ನು ಅಳವಡಿಸಿಕೊಳ್ಳಬೇಕು. ಎಂಜಿನ್ನಿನಿಂದ ಒಡಲಿಗೆ ಬರುವ ಅರ್ತಿಂಗ್ ಪಟ್ಟಿಯನ್ನೂ ಉಜ್ಜಿ ಶುಚಿಗೊಳಿಸಬೇಕು. ಪುಲ್ಲಿಗಳು ಒಂದೇ ನೇರದಲ್ಲಿರಬೇಕು; ಬೆಲ್ಟನ್ನು ನಡುವೆ ಒತ್ತಿದರೆ ಅರ್ಧ ಇಂಚಿನಷ್ಟು ಬಾಗಿದರೆ ಸಾಕು.

ಪರೀಕ್ಷೆ ಸರಳವಾದುದು. ಎಂಜಿನ್ನು ನಿಂತಿರುವಾಗ ಪೂರ್ಣ ಚಾರ್ಜಾದ ಬ್ಯಾಟರಿಯ ವೋಲ್ಟೇಜು ಸುಮಾರು 12.6 ಇರುತ್ತದೆ, ಓಡುವಾಗ 13.8ರಿಂದ 14.4ರೊಳಗೆ ನಿಲ್ಲಬೇಕು. ದೀಪಗಳೆಲ್ಲವನ್ನೂ ಹಚ್ಚಿದಾಗಲೂ 13.5ಕ್ಕಿಂತ ಕೆಳಗಿಳಿಯಬಾರದು. ಡೈನಮೋ ಕಾಲದಲ್ಲಿ ಕೆಲ ಮಿಸ್ತ್ರಿಗಳು ಎಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ವೈರು ಕಿತ್ತು ಚಾರ್ಜನ್ನು ಪರೀಕ್ಷಿಸುವ ರೂಢಿಯಿತ್ತು. ಆಲ್ಟರ್ನೇಟರಿಗೆ ಅದು ಮಾರಕ. ವೋಲ್ಟೇಜು ಹಠಾತ್ತನೆ ಏರಿ ಡಯೋಡುಗಳು ಒಡೆಯುತ್ತವೆ. ಒಡಲಿಗೆ ವೆಲ್ಡಿಂಗ್ ಮಾಡಿಸುವಾಗಲೂ ಆಲ್ಟರ್ನೇಟರಿನ ವೈರುಗಳನ್ನು ಬಿಚ್ಚಿಡಬೇಕು. ವಿಜಯಪುರದ ಬೇಸಿಗೆಯಲ್ಲಿ ಡಯೋಡುಗಳಿಗೆ ಗಾಳಿಯಾಡುವಂತೆ ನೋಡಿಕೊಳ್ಳುವುದೂ, ಎರೆಮಣ್ಣಿನ ಧೂಳನ್ನು ಆಗಾಗ ಒರೆಸುವುದೂ ಅವಶ್ಯ.

ಶಾಲೆಯ ಪ್ರಯೋಗಶಾಲೆಯಲ್ಲಿ ಸುರುಳಿಯ ಮುಂದೆ ಕಾಂತವನ್ನು ಆಡಿಸಿ ಮುಳ್ಳು ಅಲುಗುವುದನ್ನು ಕಂಡ ವಿದ್ಯಾರ್ಥಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಪಾಠದ ಅರಿವು ಮಿಸ್ತ್ರಿಯ ಕೈಯ ಅನುಭವದೊಡನೆ ಕೂಡಿದಾಗ, ತಿಕೋಟಾದಿಂದಲೋ ಬಬಲೇಶ್ವರದಿಂದಲೋ ರಾತ್ರಿ ಹೊರಟ ಗಾಡಿಯು ದೀಪ ಮಂಕಾಗದೆ ಊರು ಸೇರುತ್ತದೆ.