ವಿದ್ವತ್ಪತ್ರಿಕೆಗಳ ಧರ್ಮವೂ ಹಿಮಾಲಯದ ಪಳೆಯುಳಿಕೆಗಳೂ

ಸಂಶೋಧನ ಲೇಖನವೊಂದನ್ನು ಓದುವವನ ಮುಂದೆ ಎರಡು ಬಗೆಯ ವಾಕ್ಯಗಳಿರುತ್ತವೆ. 'ಈ ಆಧಾರಗಳಿಂದ ಇಂಥ ನಿರ್ಣಯಕ್ಕೆ ಬರಬಹುದು' ಎಂಬುದು ಒಂದು ಬಗೆ. 'ಈ ವಸ್ತುವು ನನಗೆ ಇಂಥ ಸ್ಥಳದಲ್ಲಿ ದೊರೆಯಿತು' ಎಂಬುದು ಇನ್ನೊಂದು ಬಗೆ. ಮೊದಲನೆಯದನ್ನು ವಾಚಕನು ತಾನು ಕುಳಿತಲ್ಲಿಯೇ ಪರೀಕ್ಷಿಸಬಲ್ಲನು. ತರ್ಕವು ಸಡಿಲವಾಗಿದ್ದರೆ ಅದು ಕಾಗದದ ಮೇಲೆಯೇ ಗೋಚರವಾಗುತ್ತದೆ. ಎರಡನೆಯದನ್ನಾದರೋ ಅವನು ಲೇಖಕನ ಮಾತಿನ ಮೇಲೆ ನಂಬಿಕೆಯಿಟ್ಟೇ ಸ್ವೀಕರಿಸಬೇಕು. ವಿದ್ವತ್ಪತ್ರಿಕೆಗಳು ಪಾಲಿಸಬೇಕಾದ ಧರ್ಮವನ್ನು ಕುರಿತ ಚರ್ಚೆಗಳಲ್ಲಿ ಕೃತಿಚೌರ್ಯಕ್ಕೆ ದೊರೆತಷ್ಟು ಗಮನವು ಈ ಎರಡನೆಯ ಬಗೆಯ ವಾಕ್ಯಕ್ಕೆ ದೊರೆತಿಲ್ಲವೆಂದು ನಮಗೆ ತೋರುತ್ತದೆ. ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಕೊಂಚ ವಿಚಾರಮಾಡಲುದ್ದೇಶಿಸಿದೆ.

ಪತ್ರಿಕೆಯು ಅಚ್ಚುಹಾಕಿದ ಮಾತಿಗೆ ಪತ್ರಿಕೆಯೇ ಹೊಣೆಯೆ ಎಂಬ ಪ್ರಶ್ನೆಯು ಬಹಳ ಹಳೆಯದು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗನು ೧೬೬೫ರಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದಾಗ ಅದು ಅವನ ಸ್ವಂತ ಉದ್ಯಮವಾಗಿತ್ತು. ೧೭೫೨ರಲ್ಲಿ ಸೊಸೈಟಿಯು ಅದನ್ನು ತನ್ನ ವಶಕ್ಕೆ ತೆಗೆದುಕೊಂಡು, ಲೇಖನಗಳನ್ನು ಆರಿಸುವುದಕ್ಕೆ ಒಂದು ಸಮಿತಿಯನ್ನು ನೇಮಿಸಿತು. ಆಗ ಸಂಪುಟದ ಮೊದಲಲ್ಲಿ ಸೇರಿಸಿದ ಪ್ರಕಟಣೆಯು ಇಂದಿಗೂ ಓದತಕ್ಕುದಾಗಿದೆ. ವಿಷಯದ ಮಹತ್ತ್ವವನ್ನೋ ಅಪೂರ್ವತೆಯನ್ನೋ ನಿರೂಪಣೆಯ ಗುಣವನ್ನೋ ನೋಡಿ ಸಮಿತಿಯು ಲೇಖನಗಳನ್ನು ಆರಿಸುತ್ತದೆಯೇ ಹೊರತು, ಅವುಗಳಲ್ಲಿ ಹೇಳಿದ ಸಂಗತಿಗಳು ನಿಜವೆಂಬುದಕ್ಕಾಗಲಿ ತರ್ಕವು ಸರಿಯೆಂಬುದಕ್ಕಾಗಲಿ ತಾನು ಉತ್ತರವಾದಿಯಲ್ಲವೆಂದೂ, ಆ ಭಾರವೆಲ್ಲ ಆಯಾ ಲೇಖಕರ ಪ್ರಾಮಾಣಿಕತೆ ವಿವೇಕಗಳ ಮೇಲೆಯೇ ನಿಂತಿದೆಯೆಂದೂ ಅದರಲ್ಲಿ ಸ್ಪಷ್ಟಪಡಿಸಲಾಗಿತ್ತು. ೧೮೩೦ರ ದಶಕದಿಂದೀಚೆಗೆ, ಅಚ್ಚಾಗುವ ಮೊದಲೇ ಲೇಖನವನ್ನು ತಜ್ಞರ ಅಭಿಪ್ರಾಯಕ್ಕೆ ಕಳುಹಿಸುವ ಪದ್ಧತಿಯು ಅಲ್ಲಿ ಬೇರೂರಿತು. ಇದರಿಂದ ತರ್ಕದ ಪರೀಕ್ಷೆಯು ಬಿಗಿಯಾಯಿತು. ಸಂಗತಿಯ ಪರೀಕ್ಷೆಯು ಮಾತ್ರ ಹಿಂದೆ ಇದ್ದಲ್ಲಿಯೇ ಉಳಿಯಿತು. ಏಕೆಂದರೆ ಪರಿಶೀಲಕನು ಓದುವುದು ಲೇಖನವನ್ನು, ಬೆಟ್ಟವನ್ನಲ್ಲ.

ಬೆಟ್ಟವೆಂಬ ಮಾತನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಿದ್ದೇವೆ. ಚಂಡೀಗಡದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರದ ಅಧ್ಯಾಪಕರಾಗಿದ್ದ ವಿಶ್ವಜಿತ್ ಗುಪ್ತರು ೧೯೬೦ರ ದಶಕದಿಂದ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಹಿಮಾಲಯದ ಪಳೆಯುಳಿಕೆಗಳನ್ನು ಕುರಿತು ನೂರಾರು ಲೇಖನಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಬಹುಭಾಗವು ಅನೇಕ ದೇಶಗಳ ತಜ್ಞರೊಡನೆ ಕೂಡಿ ಬರೆದವು. ಸಹಲೇಖಕರ ಸಂಖ್ಯೆಯು ನೂರನ್ನು ಮೀರಿತ್ತು. ಇವರ ಕಾರ್ಯದ ಸ್ವರೂಪವನ್ನು ತಿಳಿಯಬೇಕಾದರೆ ಪಳೆಯುಳಿಕೆಗಳಿಂದ ಶಿಲಾಸ್ತರಗಳ ಕಾಲವನ್ನು ನಿರ್ಣಯಿಸುವ ಕ್ರಮವನ್ನು ಸ್ವಲ್ಪ ಅರಿತಿರಬೇಕು. ಪ್ರತಿಯೊಂದು ಯುಗದ ಸ್ತರದಲ್ಲಿಯೂ ಆ ಯುಗಕ್ಕೇ ವಿಶಿಷ್ಟವಾದ ಜೀವಿಗಳ ಅವಶೇಷಗಳಿರುತ್ತವೆ. ಅವುಗಳಲ್ಲಿ ಕೋನೊಡಾಂಟ್ ಎಂಬುವು ಬಹಳ ಉಪಯುಕ್ತವಾದವು. ಇವು ಹಾವುಮೀನಿನಂತಿದ್ದ, ಈಗ ನಿರ್ವಂಶವಾಗಿರುವ ಒಂದು ಬಗೆಯ ಸಮುದ್ರಪ್ರಾಣಿಯ ಹಲ್ಲಿನಾಕಾರದ ಭಾಗಗಳು. ಸಾಮಾನ್ಯವಾಗಿ ಒಂದೆರಡು ಮಿಲಿಮೀಟರನ್ನು ಮೀರವು. ಸುಣ್ಣಕಲ್ಲನ್ನು ದುರ್ಬಲವಾದ ಆಮ್ಲದಲ್ಲಿ ಕರಗಿಸಿದರೆ ಇವು ಕರಗದೆ ತಳದಲ್ಲಿ ಉಳಿಯುತ್ತವೆ. ಹೀಗೆ ಬೇರ್ಪಡಿಸಿದ ಮೇಲೆ ಇವನ್ನು ಚಿಕ್ಕದೊಂದು ಗಾಜಿನ ಕುಪ್ಪಿಯಲ್ಲಿಟ್ಟು ಅಂಚೆಯಲ್ಲಿ ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಆದರೆ ಕಲ್ಲು ಕರಗಿಹೋದ ಮೇಲೆ, ಅವು ಯಾವ ಕಲ್ಲಿನಿಂದ ಬಂದುವೆಂಬುದಕ್ಕೆ ಕುಪ್ಪಿಗೆ ಅಂಟಿಸಿದ ಚೀಟಿಯೊಂದೇ ಪ್ರಮಾಣವಾಗಿ ನಿಲ್ಲುತ್ತದೆ. ಚೀಟಿಯನ್ನು ಬರೆದವನು ಸತ್ಯವಂತನಲ್ಲದಿದ್ದರೆ ಜಗತ್ತಿನ ಅತ್ಯಂತ ನಿಪುಣನಾದ ತಜ್ಞನೂ ಮೋಸಹೋಗುತ್ತಾನೆ. ಆತನು ಜೀವಿಯ ಹೆಸರನ್ನು ಸರಿಯಾಗಿಯೇ ಹೇಳುತ್ತಾನೆ, ಊರಿನ ಹೆಸರು ಮಾತ್ರ ತಪ್ಪಾಗಿರುತ್ತದೆ.

ಗುಪ್ತರ ಸಹಲೇಖನಗಳಲ್ಲಿ ಆದುದು ಇದೇ. ಅವರು ಮಾದರಿಗಳನ್ನೂ ಪ್ರಾಪ್ತಿಸ್ಥಾನದ ವಿವರವನ್ನೂ ಒದಗಿಸುತ್ತಿದ್ದರು. ಪರದೇಶದ ವಿದ್ವಾಂಸರು ಅವನ್ನು ಗುರುತಿಸಿ ವರ್ಣಿಸುತ್ತಿದ್ದರು. ಹೆಸರಾಂತ ತಜ್ಞನ ಸಹಿಯಿದ್ದ ಲೇಖನವನ್ನು ಯಾವ ಸಂಪಾದಕನು ತಾನೆ ಸಂಶಯಿಸುವನು? ಪ್ರಾಪ್ತಿಸ್ಥಾನದ ನಿರ್ದೇಶವು ಅಸ್ಪಷ್ಟವಾಗಿದ್ದು, ಅದನ್ನು ಹಿಡಿದು ಮತ್ತೊಬ್ಬನು ಅದೇ ಬಂಡೆಯನ್ನು ಕಂಡುಕೊಳ್ಳುವಂತಿರಲಿಲ್ಲವೆಂಬ ದೋಷವನ್ನು ಕೂಡ ಯಾರೂ ಮುಖ್ಯವೆಂದು ಎಣಿಸಲಿಲ್ಲ.

ಆಸ್ಟ್ರೇಲಿಯದ ಮಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟರು ಈ ವೃತ್ತಾಂತದಲ್ಲಿ ಸಂಶಯಪಟ್ಟು, ೧೯೮೭ರಲ್ಲಿ ಕೆನಡದ ಕ್ಯಾಲ್ಗರಿಯಲ್ಲಿ ಸೇರಿದ್ದ ತಜ್ಞರ ಸಮ್ಮೇಲನದಲ್ಲಿ ತಮ್ಮ ಆಕ್ಷೇಪಣೆಗಳನ್ನು ಮಂಡಿಸಿದರು. ಮರುವರ್ಷ ಭಾರತೀಯರೂ ಸೇರಿದ ತಮ್ಮ ಸಹೋದ್ಯೋಗಿಗಳೊಡನೆ ಜರ್ಮನಿಯ ಪತ್ರಿಕೆಯೊಂದರಲ್ಲಿ ವಿಸ್ತಾರವಾದ ಪರಿಶೀಲನೆಯನ್ನು ಅಚ್ಚುಮಾಡಿಸಿದರು. ೧೯೮೯ರ ಏಪ್ರಿಲ್ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ಸಾರಾಂಶವು ಲೋಕಕ್ಕೆಲ್ಲ ತಿಳಿಯುವಂತೆ ಪ್ರಕಟವಾಯಿತು. ಅವರು ತೋರಿಸಿದ ಸಾಕ್ಷ್ಯವು ಹಲವು ಬಗೆಯದು. ಹಿಮಾಲಯದವೆಂದು ವರ್ಣಿತವಾದ ಕೋನೊಡಾಂಟುಗಳು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಮ್ಸ್‌ಡೆಲ್ ಕ್ರೀಕ್ ಎಂಬಲ್ಲಿನ, ಶಾಸ್ತ್ರಜ್ಞರಿಗೆ ಬಹುಕಾಲದಿಂದ ಪರಿಚಿತವಾದ ಸಂಗ್ರಹದ ಮಾದರಿಗಳನ್ನೇ ಹೋಲುತ್ತಿದ್ದವು. ಹಿಮಾಲಯದ್ದೆಂದು ಹೇಳಿದ ಅಮ್ಮೊನಾಯ್ಡ್ ಚಿಪ್ಪುಗಳು ಮೊರಾಕೊ ದೇಶದ ಎರ್ಫೂದ್ ಪ್ರಾಂತದಿಂದ ಬಂದು ಪಳೆಯುಳಿಕೆಗಳ ಅಂಗಡಿಗಳಲ್ಲಿ ಮಾರಾಟವಾಗುವಂಥವಾಗಿದ್ದವು. ಒಂದೇ ಮಾದರಿಯು ಬೇರೆಬೇರೆ ಲೇಖನಗಳಲ್ಲಿ, ಒಂದಕ್ಕೊಂದು ಬಹುದೂರದಲ್ಲಿರುವ ಸ್ಥಳಗಳ ಹೆಸರಿನಲ್ಲಿ ಕಾಣಿಸಿಕೊಂಡಿತ್ತು. ಲೇಖನಕ್ಕೆ ಟ್ಯಾಲೆಂಟರು 'ಸಂಚಾರಿ ಪಳೆಯುಳಿಕೆಗಳು' ಎಂಬರ್ಥದ ಶೀರ್ಷಿಕೆಯನ್ನು ಕೊಟ್ಟಿದ್ದರು. ಕಲ್ಲಾದ ಜೀವಿಗಳು ಯಾತ್ರೆ ಹೊರಟ ಕಥೆಯು ಪುರಾಣದಲ್ಲಿ ಶೋಭಿಸೀತು. ಭೂಗರ್ಭಶಾಸ್ತ್ರದಲ್ಲಿ ಅದರ ಫಲವು ಬೇರೆ. ಎರಡು ದೂರದೇಶಗಳ ಸ್ತರಗಳಲ್ಲಿ ಒಂದೇ ಬಗೆಯ ಜೀವಿಗಳು ದೊರೆತರೆ, ಆ ಕಾಲದಲ್ಲಿ ಅವುಗಳ ನಡುವೆ ಸಮುದ್ರಸಂಪರ್ಕವಿತ್ತೆಂದು ಊಹಿಸಬೇಕಾಗುತ್ತದೆ. ಸ್ತರದ ಕಾಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ಒಂದು ಸುಳ್ಳು ಚೀಟಿಯಿಂದ ಖಂಡಗಳ ಚರಿತ್ರೆಯೇ ಸ್ಥಾನಪಲ್ಲಟವಾಗುವ ಸಂಭವವಿದೆ.

ಗುಪ್ತರು ಆರೋಪಗಳನ್ನು ನಿರಾಕರಿಸಿದರು. ೧೯೮೯ರ ಸೆಪ್ಟೆಂಬರಿನಲ್ಲಿ ಅದೇ ಪತ್ರಿಕೆಯು ಅವರ ಸಮಾಧಾನವನ್ನೂ, ಅದರ ಜೊತೆಯಲ್ಲಿಯೇ ಅವರ ಸಹಲೇಖಕರು ಬರೆದ ಉತ್ತರಗಳನ್ನೂ ಅಚ್ಚುಹಾಕಿತು. ಇವರಲ್ಲಿ ಅದೇ ವಿಶ್ವವಿದ್ಯಾಲಯದ ಅರುಣ್ ಅಹ್ಲುವಾಲಿಯರೂ, ಪ್ರಾಚೀನ ಮತ್ಸ್ಯಗಳ ವಿಷಯದಲ್ಲಿ ಪ್ರಮಾಣಭೂತರಾದ ಫ್ರಾನ್ಸಿನ ಫಿಲಿಪ್ ಜಾನ್ವಿಯೇರೂ ಇದ್ದರು. ತಾವು ಯಾವುದನ್ನು ನಂಬಿ ಸಹಿ ಹಾಕಿದೆವೋ ಅದು ನಂಬತಕ್ಕುದಲ್ಲವೆಂದು ಸಹಲೇಖಕರೇ ಹೊರಗೆ ಬಂದು ಹೇಳಬೇಕಾಗಿ ಬಂದ ಆ ಸ್ಥಿತಿಯು ಮರುಕಗೊಳ್ಳತಕ್ಕುದು. ಅಪರಾಧಿಯ ಸಂಸ್ಥೆಯಲ್ಲಿಯೇ ಇದ್ದುಕೊಂಡು ಹಾಗೆ ಬರೆಯುವುದಕ್ಕೆ ಬೇಕಾದ ಧೈರ್ಯವು ಪರದೇಶದಲ್ಲಿ ಕುಳಿತು ಬರೆಯುವುದಕ್ಕೆ ಬೇಕಾದುದಕ್ಕಿಂತ ಎಷ್ಟು ಹೆಚ್ಚಿನದೆಂಬುದನ್ನು ವಾಚಕರೇ ಊಹಿಸಬಹುದು. ಮುಂದೆ ನಿವೃತ್ತ ನ್ಯಾಯಾಧೀಶರೊಬ್ಬರಿಂದ ವಿಚಾರಣೆ ನಡೆದು, ಆರೋಪಗಳು ಸಿದ್ಧಪಟ್ಟವು. ಆದರೂ ಗುಪ್ತರು ನಿವೃತ್ತಿಯಾಗುವವರೆಗೂ ಕೆಲಸದಲ್ಲಿಯೇ ಮುಂದುವರಿದರು. ವಿಶ್ವವಿದ್ಯಾಲಯದ ದಂಡನೀತಿಯು ಸಾಕಾಯಿತೇ ಸಾಲದೇ ಎಂಬುದು ನಮ್ಮ ಪ್ರಕೃತ ವಿಷಯವಲ್ಲ. ಪತ್ರಿಕೆಗಳು ಏನು ಮಾಡಿದುವೆಂಬುದೇ ಇಲ್ಲಿ ಪ್ರಶ್ನೆ.

ಪತ್ರಿಕೆಗಳು ಮಾಡಿದುದು ಅತ್ಯಲ್ಪ. ನೂರಾರು ಲೇಖನಗಳಲ್ಲಿ ಬಹುತೇಕ ಎಲ್ಲವೂ ಯಾವ ಎಚ್ಚರಿಕೆಯ ಮಾತೂ ಇಲ್ಲದೆ ಸಂಪುಟಗಳಲ್ಲಿ ಹಾಗೆಯೇ ಉಳಿದುವು. ೧೯೯೩ರಲ್ಲಿ ವೆಬ್‌ಸ್ಟರ್, ರೆಕ್ಸ್‌ರೋಡ್ ಮತ್ತು ಟ್ಯಾಲೆಂಟ್ ಎಂಬ ಮೂವರು ವಿದ್ವಾಂಸರು ಕೋನೊಡಾಂಟುಗಳನ್ನು ಕುರಿತ ಗುಪ್ತರ ಲೇಖನಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವು ವಿಶ್ವಾಸಾರ್ಹವಲ್ಲವೆಂದು ಬೇರೊಂದು ಪತ್ರಿಕೆಯಲ್ಲಿ ಬರೆದರು. ಇದು ಉಪಕಾರವೇ ಸರಿ. ಆದರೆ ಮೂಲಲೇಖನವನ್ನು ತೆರೆದು ಕುಳಿತ ವಿದ್ಯಾರ್ಥಿಗೆ ಇಂಥದೊಂದು ಪರಿಶೀಲನೆಯು ಬೇರೆಲ್ಲಿಯೋ ಇದೆಯೆಂದು ಹೇಳುವವರಾರು? ಆತನು ಅದನ್ನು ನಂಬಿ ಬೆಟ್ಟವನ್ನೇರುತ್ತಾನೆ. ವರ್ಣಿಸಿದ ವಸ್ತುವು ಅಲ್ಲಿ ಸಿಕ್ಕುವುದಿಲ್ಲ. ದೋಷವು ತನ್ನ ಕಣ್ಣಿನದೇ ಎಂದು ಕುಗ್ಗಿ ಹಿಂದಿರುಗುತ್ತಾನೆ. 'ನನಗೆ ಏನೂ ದೊರೆಯಲಿಲ್ಲ' ಎಂಬ ವರದಿಯನ್ನು ಅಚ್ಚುಹಾಕುವ ಪತ್ರಿಕೆಗಳು ಹೆಚ್ಚಾಗಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನವು ವೈದ್ಯಪತ್ರಿಕೆಗಳ ಸಂಪಾದಕರಿಂದ ಆರಂಭವಾಯಿತು. ೧೯೯೭ರಲ್ಲಿ ಇಂಗ್ಲೆಂಡಿನಲ್ಲಿ ಅವರಲ್ಲಿ ಕೆಲವರು ಸೇರಿ ಪ್ರಕಟನನೀತಿಯ ಸಮಿತಿಯೊಂದನ್ನು ಕಟ್ಟಿದರು. 'ಕೋಪ್' ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾದ ಈ ಸಮಿತಿಯು ೨೦೦೯ರಲ್ಲಿ ಲೇಖನವನ್ನು ಹಿಂತೆಗೆದುಕೊಳ್ಳುವ ಕ್ರಮವನ್ನು ಕುರಿತು ನಿಯಮಗಳನ್ನು ಹೊರಡಿಸಿತು. ಹಿಂತೆಗೆದುಕೊಳ್ಳುವುದೆಂದರೆ ಲೇಖನವನ್ನು ಅಳಿಸಿಹಾಕುವುದೆಂದು ಕೆಲವರು ತಪ್ಪಾಗಿ ತಿಳಿದಿದ್ದಾರೆ. ಲೇಖನವು ಇದ್ದಲ್ಲಿಯೇ ಇರುತ್ತದೆ. ಅದು ಹಿಂತೆಗೆದುಕೊಂಡದ್ದೆಂಬ ಗುರುತನ್ನು ಅದರ ಮೇಲೆಯೇ ಹಾಕಿ, ಹಿಂತೆಗೆದುಕೊಂಡವರು ಯಾರು, ಕಾರಣವೇನು ಎಂಬುದನ್ನು ತಿಳಿಸುವ ಪ್ರಕಟಣೆಯನ್ನು ಅದಕ್ಕೆ ಜೋಡಿಸಲಾಗುತ್ತದೆ. ಇದರ ಉದ್ದೇಶವು ವಾಚಕನನ್ನು ರಕ್ಷಿಸುವುದು, ಲೇಖಕನನ್ನು ದಂಡಿಸುವುದಲ್ಲ. ಈ ಭೇದವು ಸೂಕ್ಷ್ಮವಾದರೂ ಬಹಳ ಉಪಯೋಗವುಳ್ಳದ್ದು. ದಂಡನೆಯೇ ಗುರಿಯಾದರೆ ವಿಚಾರಣೆಯು ಮುಗಿದು ಅಪರಾಧವು ಸಿದ್ಧವಾಗುವವರೆಗೂ ಸಂಪಾದಕನು ಸುಮ್ಮನಿರಬೇಕಾದೀತು; ವಾಚಕನ ರಕ್ಷಣೆಯೇ ಗುರಿಯಾದರೆ, ತಪ್ಪು ಯಾರದೇ ಆಗಿರಲಿ, ಮೋಸವೇ ಆಗಿರಲಿ ಪ್ರಮಾದವೇ ಆಗಿರಲಿ, ಸಂಗತಿಯು ನಂಬತಕ್ಕುದಲ್ಲವೆಂದು ತಿಳಿದೊಡನೆಯೇ ಗುರುತು ಹಾಕಬಹುದು.

ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೮ರಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಜಾರಿಗೆ ತಂದಿತು. ಅದರಲ್ಲಿ ಇತರರ ಬರಹದೊಡನೆ ಕಂಡುಬರುವ ಸಾಮ್ಯವನ್ನು ಶೇಕಡ ೧೦, ೪೦, ೬೦ ಎಂಬ ಮೇರೆಗಳಿಂದ ಅಳೆದು ಶಿಕ್ಷೆಯನ್ನು ಗೊತ್ತುಮಾಡಿದೆ. ಇದು ಬೇಡವೆನ್ನುವುದಿಲ್ಲ. ಆದರೆ ಪ್ರಾಪ್ತಿಸ್ಥಾನದ ಸುಳ್ಳು ಈ ಅಳತೆಗೋಲಿಗೆ ಸಿಕ್ಕುವಂಥದಲ್ಲ. ಮೊರಾಕೊದ ಚಿಪ್ಪನ್ನು ಹಿಮಾಲಯದ್ದೆಂದು ಹೇಳುವವನು ಆ ವಾಕ್ಯವನ್ನು ಯಾರಿಂದಲೂ ಕದಿಯಬೇಕಾಗಿಲ್ಲ. ಅದು ಪೂರ್ಣವಾಗಿ ಅವನ ಸ್ವಂತ ಕೃತಿಯೇ.

ಶಾಸನಶಾಸ್ತ್ರದಲ್ಲಿ ಪರಿಶ್ರಮವುಳ್ಳ ನಮ್ಮ ವಾಚಕರಿಗೆ ಇಲ್ಲಿ ಒಂದು ಹಳೆಯ ವಿಷಯವು ನೆನಪಿಗೆ ಬಂದಿರಬಹುದು. ತಾಮ್ರಶಾಸನವನ್ನು ಪ್ರಕಟಿಸುವಾಗ, ಅದು ಎಲ್ಲಿ ದೊರೆಯಿತು, ಈಗ ಯಾರ ವಶದಲ್ಲಿದೆ, ಹಲಗೆಗಳೆಷ್ಟು, ಅವುಗಳ ಅಳತೆ ತೂಕಗಳೇನು, ಬಳೆಯೂ ಮುದ್ರೆಯೂ ಹೇಗಿವೆ ಎಂಬುದನ್ನೆಲ್ಲ ಲೇಖನದ ಮೊದಲಲ್ಲಿಯೇ ಹೇಳಿ, ಸಾಧ್ಯವಾದರೆ ಪಡಿಯಚ್ಚನ್ನು ಕೊಡುವುದು ರೂಢಿ. ಹೊಸಬರಿಗೆ ಇದು ನೀರಸವಾಗಿ ಕಾಣುವುದುಂಟು. ಆದರೆ ಕೂಟಶಾಸನಗಳ ಪ್ರಶ್ನೆಯು ಎದ್ದಾಗ ಇದರ ಬೆಲೆಯು ತಿಳಿಯಿತು. ಫ್ಲೀಟರು ೧೯೦೧ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ತಮ್ಮ ಅಭಿಪ್ರಾಯದಲ್ಲಿ ಕೂಟವಾದ ಶಾಸನಗಳ ಪಟ್ಟಿಯೊಂದನ್ನೇ ಪ್ರಕಟಿಸಿದರು. ಗಂಗರ ತಾಮ್ರಪಟಗಳನ್ನು ಕುರಿತು ಅವರಿಗೂ ರೈಸರಿಗೂ ನಡೆದ ವಾದವು ಪ್ರಸಿದ್ಧವಾಗಿದೆ. ಕೂಟವೆನಿಸಿದ ಶಾಸನವನ್ನು ಯಾರೂ ಕರಗಿಸಿಬಿಡಲಿಲ್ಲ, ಸಂಪುಟದಿಂದ ಹರಿದುಹಾಕಲೂ ಇಲ್ಲ. ಕೂಟವೆಂಬ ಗುರುತಿನೊಡನೆ ಅದು ಉಳಿಯಿತು. ಹಲಗೆಯೂ ಪಡಿಯಚ್ಚೂ ಪ್ರಾಪ್ತಿವಿವರವೂ ಎದುರಿಗಿದ್ದುದರಿಂದ ಮುಂದಿನವರು ಅದನ್ನು ಪುನಃ ಪರೀಕ್ಷಿಸಿ, ಕೆಲವುದರಲ್ಲಿ ಫ್ಲೀಟರನ್ನು ಅನುಮೋದಿಸಿದರು, ಕೆಲವುದರಲ್ಲಿ ಅವರ ತೀರ್ಪನ್ನು ಒಪ್ಪದೆ ಹೋದರು. ಹಿಮಾಲಯದ ಈ ಲೇಖನಗಳನ್ನು ಹಾಗೆ ಪುನಃ ಪರೀಕ್ಷಿಸುವ ಮಾರ್ಗವೇ ಇಲ್ಲ. ಅವುಗಳಲ್ಲಿ ಕೊಟ್ಟಿರುವ ಸ್ಥಳನಿರ್ದೇಶವನ್ನು ಕೈಯಲ್ಲಿ ಹಿಡಿದು ಹೊರಟವನಿಗೆ, ಯಾವ ಕಣಿವೆಯನ್ನು ಹೊಕ್ಕು ಯಾವ ಬಂಡೆಯ ಮುಂದೆ ನಿಲ್ಲಬೇಕೆಂಬುದೇ ತಿಳಿಯದು.