ಬೆಣ್ಣೆದೋಸೆಯ ಹಿಂದಿನ ಚೆನ್ನಮ್ಮ

ನಮ್ಮ ಹೊನ್ನಾಳಿಯ ಮಕ್ಕಳನ್ನು ‘ದಾವಣಗೆರೆಗೆ ಹೋದರೆ ಏನು ತಿನ್ನುತ್ತೀರಿ?’ ಎಂದು ಕೇಳಿ ನೋಡಿ. ‘ಬೆಣ್ಣೆದೋಸೆ!’ ಎಂಬ ಉತ್ತರ ಥಟ್ಟನೆ ಬರುತ್ತದೆ. ‘ಅದರ ಕಥೆ ಯಾರಿಂದ ಶುರುವಾಯಿತು?’ ಎಂದರೆ ಮಕ್ಕಳಿರಲಿ, ಅಜ್ಜ–ಅಜ್ಜಿಯರೂ ತಲೆ ಕೆರೆದುಕೊಳ್ಳುತ್ತಾರೆ. ಆ ಹೆಸರು ಮರೆಯಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಆಕೆ ಚೆನ್ನಮ್ಮ. ಬೆಳಗಾವಿ ಸೀಮೆಯವರು. 1928ರ ಸುಮಾರಿಗೆ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದರು. ಊರು ಹೊಸದು, ಸಾಕಬೇಕಾದ ಹೊಟ್ಟೆಗಳು ಹಲವು. ಸವಳಗಿ ನಾಟಕ ಥಿಯೇಟರಿನ ಬಳಿ ಒಲೆ ಹೂಡಿ ದೋಸೆ ಹುಯ್ಯತೊಡಗಿದರು. ನಾಟಕ ನೋಡಲು ಬಂದವರಿಗೆ ಹಸಿವಾಗದೆ ಇರುತ್ತದೆಯೇ?

ಮಕ್ಕಳೇ, ಅದು ಅಕ್ಕಿಯ ದೋಸೆಯಲ್ಲ, ರಾಗಿ ದೋಸೆ! ನೆಂಚಿಕೊಳ್ಳಲು ಚಟ್ನಿ. ಆಗ ಎಷ್ಟೋ ಮನೆಗಳಲ್ಲಿ ಅನ್ನ ಮಾಡುವುದು ಹಬ್ಬಕ್ಕೆ ಮಾತ್ರ. ದಿನದ ಊಟಕ್ಕೆ ರಾಗಿ, ಜೋಳ. ಕೈಗೆ ಸಿಕ್ಕ ಧಾನ್ಯದಲ್ಲೇ ರುಚಿ ತೆಗೆಯುವುದು ಚೆನ್ನಮ್ಮನ ಅಡುಗೆಯ ಮೊದಲ ಪಾಠ ಎಂದು ನನಗೆ ತೋರುತ್ತದೆ.

ಹತ್ತು ವರ್ಷ ಕಳೆದ ಮೇಲೆ, 1938ರ ಹೊತ್ತಿಗೆ, ಅವರ ಮಕ್ಕಳು ಹೋಟೆಲು ತೆರೆದರು. ರಾಗಿಯ ಜಾಗಕ್ಕೆ ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಬಂದವು. ಮೇಲೆ ಬೆಣ್ಣೆ ಬಿತ್ತು. ದಾವಣಗೆರೆಯೆಂದರೆ ಮಂಡಕ್ಕಿ ಭಟ್ಟಿಗಳ ಊರು. ಅಲ್ಲಿಯೂ ಊರಲ್ಲಿ ಸಿಗುವುದನ್ನೇ ಹಿಟ್ಟಿಗೆ ಹಾಕಿದರು ನೋಡಿ!

ಮಂಡಕ್ಕಿ ಏಕೆ? ಅದು ಮೊದಲೇ ಬೆಂದು ಅರಳಿದ ಅಕ್ಕಿ. ನೀರನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ದೋಸೆಯ ಒಳಗು ಮೆತ್ತಗಿರುತ್ತದೆ. ಬೆಣ್ಣೆಯಲ್ಲಿ ನೀರಿನ ಅಂಶವಿದೆ. ಕಾದ ಕಾವಲಿಗೆ ಬಿದ್ದೊಡನೆ ಚುರ್ರೆನ್ನುವುದು ಆ ನೀರೇ. ನೀರು ಆರಿದ ಮೇಲೆ ಬೆಣ್ಣೆಯಲ್ಲಿನ ಹಾಲಿನ ಅಂಶ ಕೆಂಪಗಾಗಿ ಘಮಘಮಿಸುತ್ತದೆ, ಅಂಚು ಗರಿಗರಿಯಾಗುತ್ತದೆ. ಪಕ್ಕದಲ್ಲಿ ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಬೆಣ್ಣೆಯ ರುಚಿ ಮುಚ್ಚಿಹೋಗದಿರಲೆಂದೇ ಇವೆರಡೂ ಸಪ್ಪಗಿರುತ್ತವೆ ಎಂಬುದು ನನ್ನ ಲೆಕ್ಕ.

ದಾವಣಗೆರೆಯ ಹಳೆಯ ಚಿಕ್ಕ ಹೋಟೆಲುಗಳಲ್ಲಿ ಉದ್ದನೆಯ ತಿಂಡಿ ಪಟ್ಟಿ ಇರುವುದಿಲ್ಲ. ಬೆಣ್ಣೆದೋಸೆ, ಖಾಲಿ ದೋಸೆ, ಓಪನ್ ದೋಸೆ, ಬಹುಪಾಲು ಅಷ್ಟೇ. ಹಲವು ಕಡೆ ಇಂದಿಗೂ ಸೌದೆ ಒಲೆ. ಹತ್ತು ತಿಂಡಿ ಹೇಗೋ ಮಾಡುವುದಕ್ಕಿಂತ ಒಂದನ್ನೇ ದಿನವೂ ಹದ ತಪ್ಪದೆ ಮಾಡುವುದು ಈ ಹೋಟೆಲುಗಳ ಧರ್ಮ. ಓದಿಗೂ ಆಟಕ್ಕೂ ಈ ಮಾತು ಸಲ್ಲುತ್ತದಲ್ಲವೇ?

ಮನೆಯಲ್ಲೂ ಮಾಡಿ ನೋಡಬಹುದು. ನಾವು ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕುತ್ತೇವೆ. ರುಬ್ಬುವಾಗ ನೆನೆಸಿ ಹಿಂಡಿದ ಎರಡು ಲೋಟ ಮಂಡಕ್ಕಿ ಸೇರಿಸಿ, ರಾತ್ರಿಯಿಡೀ ಹುದುಗಲು ಬಿಡುತ್ತೇವೆ. ಕಾವಲಿಯ ಕೆಲಸ ಮಾತ್ರ ದೊಡ್ಡವರಿಗೇ ಇರಲಿ.

ಇಂದು ಬೆಂಗಳೂರಿನ ಬೀದಿಗಳಲ್ಲೂ ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಬೋರ್ಡುಗಳಿವೆ. ಊರಿನ ಹೆಸರು ಉಳಿಯಿತು, ಬೆಣ್ಣೆಯ ಹೆಸರೂ ಉಳಿಯಿತು. ರಾಗಿ ಹಿಟ್ಟು ಕಲಸಿ ಮಕ್ಕಳನ್ನು ಸಾಕಿದ ತಾಯಿಯ ಹೆಸರನ್ನು ಉಳಿಸುವ ಕೆಲಸ ನಮ್ಮದು. ಅಜ್ಜಂದಿರೇ, ಅಜ್ಜಿಯರೇ, ಮುಂದಿನ ಸಲ ದೋಸೆ ಮುರಿಯುವ ಮೊದಲು ಮೊಮ್ಮಕ್ಕಳಿಗೆ ಚೆನ್ನಮ್ಮನ ಕಥೆ ಹೇಳಿ.